ದಾಸಪ್ಪನವರ ಬಳ್ಳಿ ಯುದ್ಧ

ಸಿಂಗಸಂದ್ರದ ನಮ್ಮ ಬಾಡಿಗೆ ಮನೆಯ ಮಾಲೀಕ ದಾಸಪ್ಪನವರಿಗೆ ಜಗತ್ತಿನಲ್ಲಿ ಒಂದೇ ಶತ್ರು, ಹಿತ್ತಲಿನಿಂದ ಗೋಡೆಗೆ ಹಬ್ಬುವ ಕಾಡುಬಳ್ಳಿ. ಹಲ್ಲುಜ್ಜುವ ಮೊದಲೇ ಕುಡುಗೋಲು ಹಿಡಿದು ಇಳಿಯುತ್ತಾರೆ. ಒಂದೊಂದು ಕುಡಿಗೂ ಹೊಸ ಬೈಗುಳ. “ನಿನ್ ವಂಸ ಆಳಾಗೋಗ!” ಎಂದು ಗುಡುಗಿದರೆ ಮೂರನೇ ಮಹಡಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಮಲಗಿದವರೂ ಎದ್ದು ಕೂರುತ್ತಾರೆ. ಇಷ್ಟಾದರೂ ಬುಡವನ್ನು ಮಾತ್ರ ಮುಟ್ಟುವುದಿಲ್ಲ, ಹಾಗಾಗಿ ವಾರದೊಳಗೆ ಬಳ್ಳಿ ಮತ್ತೆ ನಮ್ಮ ಕಿಟಕಿಗೆ ಬಂದಿರುತ್ತದೆ. ಮೊನ್ನೆ ನಾನೇ ಗುದ್ದಲಿ ತಂದು, “ಬೇರು ಸಮೇತ ಕಿತ್ಬಿಡೋಣ ಯಜಮಾನ್ರೇ” ಎಂದೆ. ದಾಸಪ್ಪ ಗುದ್ದಲಿಯ ಮೇಲೆ ಕಾಲಿಟ್ಟು ನಿಂತರು. “ಬ್ಯಾಡ ಸಾರ್. ಇದು ನಮ್ಮ ಒಲ ಆಗಿದ್ದಾಗ ನನ್ ಮಗೀನ್ನ ಇಲ್ಲೇ ಮಣ್ಣು ಮಾಡಿದ್ದು. ಅಗೆದ್ರೆ ಬೇರಿನ್ ಜೊತೆ ಏನ್ ಬತ್ತದೋ.”