ಒಂದೇ ಹೆಸರಿನ ಎರಡು ಸಾಲು

ಡೇಟಾಬೇಸ್ ನೋಡಿಕೊಳ್ಳುವ ಕೆಲಸ ಎಂದರೆ ಜನ ಏನೋ ಘನವಾದದ್ದು ಅಂದುಕೊಳ್ಳುತ್ತಾರೆ. ನನ್ನ ಪಾಲಿಗೆ ಅದು ಬೇರೆಯವರು ಉಂಡ ಎಂಜಲೆಲೆ ಎತ್ತುವ ಕೆಲಸವಾಗಿತ್ತು. ಮಂಡ್ಯದಲ್ಲಿ, ಕಬ್ಬು ಕೊಂಡು ಬೆಲ್ಲ ಮಾಡುವ ಒಂದು ಖಾಸಗಿ ಕಂಪನಿಯ ಆಫೀಸಿಗೆ ನಾನು ಸೇರಿದಾಗ ರೈತರ ಪಟ್ಟಿಯೊಂದಕ್ಕೇ ಮೂವತ್ತೊಂದು ಇಂಡೆಕ್ಸ್ ಇದ್ದವು. ಇಂಡೆಕ್ಸ್ ಅಂದರೆ ಪುಸ್ತಕದ ಕೊನೆಯಲ್ಲಿರುವ ಪದಗಳ ಪಟ್ಟಿಯ ಹಾಗೆ. ಹುಡುಕಿದ್ದು ಬೇಗ ಸಿಗುತ್ತದೆ, ಸರಿ. ಆದರೆ ಪುಸ್ತಕಕ್ಕೆ ಒಂದು ಸಾಲು ಸೇರಿಸಿದರೆ ಅಷ್ಟೂ ಪಟ್ಟಿಗಳನ್ನು ತಿದ್ದಬೇಕು. ಇದು ನಮ್ಮ ಮ್ಯಾನೇಜರ್ ತಲೆಗೆ ಎಷ್ಟು ಹೇಳಿದರೂ ಹೋಗಲಿಲ್ಲ. ಕಂಪ್ಯೂಟರ್ ನಿಧಾನವೆಂದು ಯಾರಾದರೂ ಗೊಣಗಿದರೆ ಸಾಕು, "ಇನ್ನೊಂದ್ ಇಂಡೆಕ್ಸ್ ಆಕ್ಬುಡ್ರಿ ಅತ್ಲಾಗೆ" ಅನ್ನುತ್ತಿದ್ದರು. ಹಾಕಿ ಹಾಕಿ ಕೊನೆಗೆ, ವೇಬ್ರಿಡ್ಜಿನಲ್ಲಿ ಒಂದು ಗಾಡಿಯ ತೂಕ ದಾಖಲಾಗುವಷ್ಟರಲ್ಲಿ ಹಿಂದಿನ ಟ್ರ್ಯಾಕ್ಟರಿನವನು ಒಂದು ಬೀಡಿ ಸೇದಿ ಮುಗಿಸುತ್ತಿದ್ದ.

ನಾನು ಒಂದು ಹಂಗಾಮು ಪೂರ್ತಿ ಕಾದು, ಯಾರೂ ಬಳಸದ ಇಂಡೆಕ್ಸುಗಳನ್ನು ಗುರುತಿಟ್ಟುಕೊಂಡು ಕಿತ್ತೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಈಗಲೂ ಅದನ್ನೇ ಹೇಳುತ್ತೇನೆ. ಒಂದು ತಿಂಗಳು ನೋಡಿ ಕೀಳಬೇಡಿ, ವರ್ಷಕ್ಕೊಮ್ಮೆ ತೆಗೆಯುವ ವರದಿಗೆ ಬೇಕಾದದ್ದೂ ಹೋಗಿಬಿಡುತ್ತದೆ. ಗಾಡಿಗಳು ಸಾಲುಗಟ್ಟಿ ನಿಂತಿರುವಾಗ ಇಂಡೆಕ್ಸ್ ಮತ್ತೆ ಕಟ್ಟಲು ಕೂರಬೇಡಿ. ಬ್ಯಾಕಪ್ ತೆಗೆದರೆ ಸಾಲದು, ಅದನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿ.

ಇಷ್ಟೆಲ್ಲ ಗೊತ್ತಿದ್ದವನು ನಾನು. ಆ ಜಂಬದಲ್ಲೇ ಹೊಲಸು ಕೆಲಸ ಮಾಡಿದೆ.

ಪಟ್ಟಿಯಲ್ಲಿ ಕೆಲವು ರೈತರು ಎರಡೆರಡು ಸಲ ಸೇರಿದ್ದರು. ಹಳ್ಳಿಗಳಿಗೆ ಹೋಗುವ ಫೀಲ್ಡ್‌ಮನ್‌ಗಳು ಹಳೆಯ ನಂಬರ್ ಹುಡುಕಲು ಸೋಮಾರಿತನ ಮಾಡಿ ಹೊಸ ನಂಬರ್ ಕೊಟ್ಟುಬಿಡುತ್ತಿದ್ದರು. ಇನ್ನು ಮೇಲೆ ಹಾಗಾಗದಿರಲಿ ಎಂದು, ಹೆಸರು, ತಂದೆಯ ಹೆಸರು, ಊರು ಈ ಮೂರೂ ಒಂದೇ ಆಗಿರುವ ಎರಡನೆಯ ಸಾಲನ್ನು ಒಳಗೆ ಬಿಡದಂಥ ಇಂಡೆಕ್ಸ್ ಕಟ್ಟಲು ಹೋದೆ. ಜೋಡಿ ಸಾಲುಗಳು ಇರುವ ತನಕ ಅದು ಕಟ್ಟಿಕೊಳ್ಳುವುದಿಲ್ಲ. ಹಾಗಾಗಿ ಪ್ರತಿ ಜೋಡಿಯಲ್ಲೂ ಹಳೆಯದನ್ನು ಉಳಿಸಿ ಹೊಸದನ್ನು ಅಳಿಸಿದೆ. ಮ್ಯಾನೇಜರ್ ಖುಷಿಯಿಂದ ಟೀ ಕೊಡಿಸಿದರು, ನಾನೂ ಕುಡಿದೆ.

ಕಟಾವು ಶುರುವಾದ ಮೇಲೆ ಮಳವಳ್ಳಿ ಕಡೆಯ ವಯಸ್ಸಾದ ರೈತರೊಬ್ಬರು ನಮ್ಮ ಕಿಟಕಿಗೆ ಬಂದರು. ಅವರ ಕಬ್ಬು ಬಲಿತು, ತುದಿಯಲ್ಲಿ ಸೂಲಂಗಿ ಹೂ ಬಿಟ್ಟು ಒಣಗುತ್ತಿತ್ತು, ನಮ್ಮ ಪಟ್ಟಿಯ ಪ್ರಕಾರ ಕೊಡುವ ಕಟಾವಿನ ಸರದಿ ಮಾತ್ರ ಬಂದಿರಲಿಲ್ಲ. ಹೆಸರು ಹಾಕಿ ನೋಡಿದೆ.

"ನಿಮ್ಮದು ಕಟಾವು ಆಗಿಹೋಗಿದೆ."

"ಎಲ್ಲಾಗದೆ ಕಣಪ್ಪ? ಕಬ್ಬು ಗದ್ದೇಲೆ ನಿಂತದೆ."

ಹಿಂದಿನಿಂದ ಮ್ಯಾನೇಜರ್, "ಒಂದ್ ಸಲ ಕೊಟ್ಬುಟ್ಟು ಬೇರೇರ್ ಕಬ್ಬ ತಮ್ದು ಅಂತ ತತ್ತಾರೆ ಕಣ್ರೀ, ಕಳ್ಸಿ" ಎಂದರು. ನಾನು ಕಳಿಸಿದೆ. ವಾರ ಬಿಟ್ಟು ಅವರು ಸೂಲಂಗಿ ಸಮೇತ ಒಂದು ಜಲ್ಲೆ ಹಿಡಿದುಕೊಂಡು ಬಂದರು. ನಮ್ಮ ಗುಮಾಸ್ತನೊಬ್ಬ ಅದನ್ನು ಮುರಿದು ಅಗಿದು, ರಸ ಬತ್ತಿ ಬೆಂಡಾಗಿದೆ ಎಂದು ಅವರ ಎದುರಿಗೇ ಕಸದ ಬುಟ್ಟಿಗೆ ಉಗಿದ. ಎಲ್ಲರೂ ನಕ್ಕರು. ನಕ್ಕವರಲ್ಲಿ ನಾನೂ ಇದ್ದೆ.

ಮೂರನೆಯ ಸಲ ಅವರ ಜೊತೆ ಇನ್ನೊಬ್ಬರು ಬಂದರು.

"ನೋಡಪ್ಪ, ಕಟಾವಾದೋನು ಇವ್ನು. ನಮ್ಮಿಬ್ರುಗೂ ಒಂದೇ ಎಸ್ರು, ನಮ್ ಅಪ್ಪಂದೀರ್ಗೂ ಒಂದೇ ಎಸ್ರು. ಮನೆದೇವ್ರು ಒಂದೇ ಅಲ್ವಾ, ಆ ದೇವ್ರ್ ಎಸ್ರೇ ಎಲ್ರಿಗೂ ಇಕ್ಕಾದು. ಇವ್ನು ಬಾವಿ ಮನೆಯೋನು, ನಾನು ಉಣ್ಸೆಮರದ್ ಮನೆಯೋನು."

ಹಳೆಯ ಬ್ಯಾಕಪ್ ತೆರೆದೆ. ಅಳಿಸಿದ್ದರಲ್ಲಿ ಅರ್ಧದಷ್ಟು ಸಾಲುಗಳು ನಿಜಕ್ಕೂ ಬೇರೆ ಬೇರೆ ಮನುಷ್ಯರದ್ದು. ಊರೂರಿಗೆ ಫೋನು ಮಾಡಿ, ಮನೆಯ ಅಡ್ಡಹೆಸರು ಕೇಳಿ, ಒಬ್ಬೊಬ್ಬರನ್ನೇ ವಾಪಸು ಸೇರಿಸಿದೆ. ಆ ಇಂಡೆಕ್ಸನ್ನು ಕಿತ್ತೆಸೆದೆ. ಮ್ಯಾನೇಜರ್ ಯಾರ ಕ್ಷಮೆಯನ್ನೂ ಕೇಳಲಿಲ್ಲ, ಸಿಸ್ಟಮ್ ತಪ್ಪು ಎಂದರು. ಕಟಾವಿನವರು ಹೋಗುವಷ್ಟರಲ್ಲಿ ಆ ಗದ್ದೆಯೆಲ್ಲ ಬೆಂಡಾಗಿತ್ತು. ನಮ್ಮ ಕಂಪನಿ ಅಂಥ ಕಬ್ಬು ಬೇಡವೆಂದಿತು.

ನಾನು ಅವರ ಊರಿಗೆ ಹೋದ ದಿನ ಅವರು ನಿಂತ ಕಬ್ಬಿಗೇ ಬೆಂಕಿಯಿಟ್ಟು ಬದುವಿನ ಮೇಲೆ ಕೂತಿದ್ದರು. ಸಿಸ್ಟಮ್ ತಪ್ಪಲ್ಲ, ಅಳಿಸಿದವನು ನಾನೇ ಎಂದು ಹೇಳಿದೆ. ಅವರು ಬೈಯಲಿಲ್ಲ. ನನ್ನ ಹೆಸರು ಕೇಳಿದರು, ಊರು ಕೇಳಿದರು. ಮದ್ದೂರಿನ ಪಕ್ಕದ ನಮ್ಮೂರಿನ ಹೆಸರು ಹೇಳಿದೆ.

"ನಿಮ್ಮೂರಲ್ಲಿ ನಿನ್ ಎಸ್ರೋರು ಎಷ್ಟ್ ಜನ ಅವ್ರೆ?"

ನಾಲ್ಕು ಜನ. ಅದರಲ್ಲಿ ಒಬ್ಬ ನಮ್ಮ ದೊಡ್ಡಪ್ಪನ ಮಗನೇ. ಪೋಸ್ಟ್‌ಮ್ಯಾನ್ ಕೂಡ ನಮ್ಮ ಮನೆಯ ಅಡ್ಡಹೆಸರು ಕೂಗಿಯೇ ಕಾಗದ ಕೊಡುತ್ತಾನೆ. ನಾಲ್ಕು ಎಂದೆ.

"ಗೊತ್ತಿದ್ದೂ ಅಳಿಸ್ಬುಟ್ಯಾ ಮಗ?" ಎಂದರು.