ಮರಳಿ ಬಂದ ಚಿಪ್ಪಿನ ಸರ

ಚಿಪ್ಪು ಕೊರೆಯುವಾಗ ಯಾರಾದರೂ ಮಾತಾಡಿಸಿದರೆ ಎಲ್ಸಿ ಬುನಾಬೊಗೆ ಮೈಯೆಲ್ಲ ಉರಿ. ಮಲೈಟಾ ದ್ವೀಪದ ಲಂಗಲಂಗ ಹಿನ್ನೀರಿನಲ್ಲಿ, ಅಜ್ಜಂದಿರು ಹವಳದ ಕಲ್ಲು ಪೇರಿಸಿ ಎಬ್ಬಿಸಿದ ಅಂಗೈಯಗಲದ ನಡುಗಡ್ಡೆಯ ಮೇಲೆ ಅವಳ ಮನೆ. ಬೆಳಗಾದರೆ ಬಾಗಿಲ ಮುಂದೆ ಕೂತು ಚಿಪ್ಪು ಒಡೆಯುವುದು, ತೂತು ಹಾಕುವುದು, ಪೋಣಿಸಿ ನೀರು ಚಿಮುಕಿಸಿ ಕಲ್ಲಿಗೆ ಉಜ್ಜುವುದು. ಕೆಂಪು ಚಿಪ್ಪಾದರೆ ಬಿಸಿ ಕಲ್ಲಿನ ಮೇಲಿಟ್ಟು ಬಣ್ಣ ಏರಿಸುವುದು. ಮಲೈಟಾದಲ್ಲಿ ಹೆಣ್ಣು ಕೇಳಲು ಹೋಗುವವರಿಗೂ ಜಗಳ ಮುಗಿಸಲು ಕೂರುವವರಿಗೂ ಕೊಡಲು ಚಿಪ್ಪಿನ ಹತ್ತೆಳೆಯ ಸರ ಬೇಕೇ ಬೇಕು. ಅವಳ ಬಾಯಿಗೆ ಹೆದರುವವರೂ ಸರಕ್ಕೆ ಅವಳ ಬಾಗಿಲಿಗೇ ಬರುತ್ತಿದ್ದರು.

ಗಂಡ ಮೀನಿಗೆಂದು ಹೋದವನು ಹಿಂದಿರುಗದ ವರ್ಷವೇ ಲಿಯಾವ್ ಬಂದದ್ದು. ಬೇಸಾಯ ಹೇಳಿಕೊಡಲೆಂದು ತೈವಾನ್ ಕಳಿಸಿದ ಬಡಕಲು ಆಳು. ಬಂದವನೇ ದೋಣಿಯಲ್ಲಿ ಎದ್ದು ನಿಂತು, ಬೀಜದ ಚೀಲದ ಸಮೇತ ನೀರಿಗೆ ಬಿದ್ದ. ಎಲ್ಸಿ ಅಂಗಿಯ ಕೊರಳಪಟ್ಟಿ ಹಿಡಿದು ಮೇಲೆಳೆದಳು.

"ದೋಣೀಲಿ ಕೂರೋಕೆ ಬರದೋನು ನಮಗೆ ಗೇಯೋದು ಕಲಿಸ್ತಾನಂತೆ!" ಎಂದು ಊರಿಗೆಲ್ಲ ಕೇಳುವಂತೆ ನಕ್ಕಳು.

ಆದರೆ ದಡದಾಚೆಯ ಅವಳ ಹೊಲದಲ್ಲಿ ಅವನು ಕೆಸರಲ್ಲಿ ಮೊಣಕಾಲೂರಿ ದುಡಿದ. ಕೋಸು ಗುಂಡಗೆ ಕಟ್ಟಿಕೊಂಡಿತು. ಸಂಜೆ ಇಬ್ಬರೂ ಅಡಿಕೆ ಜಗಿಯುತ್ತ ಕೂರುತ್ತಿದ್ದರು. ಊರಲ್ಲಿ ಬಿಟ್ಟು ಬಂದ ಮಗನ ಸುದ್ದಿ ಅವನು ಹೇಳುತ್ತಿದ್ದ. ಅವನ ಊರಿನವರೂ ಸುಣ್ಣ ಹಚ್ಚಿ ಅಡಿಕೆ ಜಗಿಯುತ್ತಾರೆಂದು ತಿಳಿದ ದಿನ ಎಲ್ಸಿಗೆ ಅವನು ಪರಕೀಯನಾಗಿ ಉಳಿಯಲಿಲ್ಲ. ಅವನು ಅವಳನ್ನು ಅಕ್ಕ ಎಂದ. ಒಡಹುಟ್ಟಿದವರಿಲ್ಲದ ಹೆಂಗಸು ಅವಳು. ತನ್ನ ಕೈಯಾರೆ ಹತ್ತೆಳೆಯ ಸರ ಮಾಡಿ ಅವನ ಕೊರಳಿಗೆ ಹಾಕಿ, "ಇನ್ಮೇಲೆ ನೀನು ನಮ್ಮ ಮನೆಯೋನು" ಎಂದಳು.

ಆಮೇಲೆ ರಾಜಧಾನಿಯವರು ತೈವಾನಿನ ಕೈ ಬಿಟ್ಟು ಚೀನಾದ ಕೈ ಹಿಡಿದರು. ಲಿಯಾವ್ ಗಂಟುಮೂಟೆ ಕಟ್ಟಬೇಕಾಯಿತು. ಎಲ್ಸಿ ಆ ಸರ್ಕಾರಕ್ಕೆ ಹಾಕಿದ ಶಾಪಗಳನ್ನು ಇಲ್ಲಿ ಬರೆಯುವಂತಿಲ್ಲ.

ರಾಜಧಾನಿ ಬಿಟ್ಟರೇನು, ನಾವು ಬಿಡುವುದಿಲ್ಲ ಎಂದು ಕೆಲವು ಕಾಲದ ಮೇಲೆ ನಮ್ಮ ಪ್ರಾಂತದವರು ಹಟ ಹಿಡಿದರು. ತೈವಾನಿನ ಒಂದು ಜಿಲ್ಲೆಗೂ ಮಲೈಟಾಕ್ಕೂ ಅಕ್ಕತಂಗಿಯರ ನಂಟು ಎಂದು ಮಾತಾಯಿತು. ಅತಿಥಿಗಳು ಬಂದ ದಿನ ಪ್ರಾಂತದ ಮುಖ್ಯ ಪಟ್ಟಣ ಆಉಕಿಯ ಮೈದಾನದಲ್ಲಿ ಬಿದಿರು ಕೊಳಲುಗಳು ಮೊಳಗುತ್ತಿದ್ದವು. ಅತಿಥಿಗಳ ನಡುವೆ ಲಿಯಾವ್‌ನನ್ನು ಕಂಡ ಎಲ್ಸಿ, ಬಾಯಲ್ಲಿದ್ದ ಅಡಿಕೆ ಉಗಿದು ಎದ್ದು ನಿಂತಳು.

ಅವನು ನೇರ ಅವಳ ಬಳಿಗೇ ಬಂದ. ಬಟ್ಟೆ ಸುತ್ತಿದ ಗಂಟು ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ತಲೆಬಾಗಿ ಮುಂದೆ ಚಾಚಿದ. ಗಾಜಿನ ಚೌಕಟ್ಟು. ಒಳಗೆ ಅವಳದೇ ಸರ.

ಕೊಳಲುಗಳು ಒಂದೊಂದಾಗಿ ನಿಂತವು. ನಮ್ಮಲ್ಲಿ ಕೊಟ್ಟ ಸರ ಮರಳಿ ಬರುವುದು ಹೆಂಡತಿಯನ್ನು ತವರಿಗೆ ಅಟ್ಟಿದಾಗ. ಸರ ವಾಪಸಾಯಿತೆಂದರೆ ನಂಟು ಹರಿಯಿತು. ಪಾಪ, ಆ ಪ್ರಾಣಿಗೆ ಅದು ತಿಳಿಯದು.

ಎಲ್ಸಿಯ ಮೈದುನ, ಊರ ಮುಖ್ಯಸ್ಥ ಓಫೆಯಾ ಕತ್ತಿ ಊರಿ ಎದ್ದ. "ಮುಗೀತಲ್ಲ! ಮುಖದ ಮೇಲೆ ಎಸೆದು ಹೋಗೋಕೆ ಸಮುದ್ರ ದಾಟಿ ಬಂದವ್ರೆ. ಏಳ್ರೋ, ಮನೆಗೆ ಹೋಗೋಣ."

ಇದ್ದ ಒಬ್ಬ ತಮ್ಮನೂ ಹೋದ ಎಂದುಕೊಂಡಳು ಎಲ್ಸಿ.

"ಯಾಕೋ ತಂದೆ ಇದನ್ನ?" ಎಂದಳು.

"ನಮ್ಮ ಬೇಸಾಯದ ಆಫೀಸಿನ ಗೋಡೆ ಮೇಲಿತ್ತು ಅಕ್ಕಾ. ಆಫೀಸು ಮುಚ್ಚಿದಾಗ ಹಳೇ ಕುರ್ಚಿಗಳ ಜೊತೆ ಎಲ್ಲೋ ತುಂಬಿದ್ರು. ಹುಡುಕಿ ತೆಗೆಸ್ದೆ. ನಿನ್ನ ಕೈಕೆಲಸ ಕಂಡೋರ ಗೋದಾಮಲ್ಲಿ ಕೊಳೆಯೋದು ಬೇಡ ಅಂತ..." ಅವನು ಸುತ್ತಲಿನ ಮುಖಗಳನ್ನು ನೋಡಿದ. "ಏನ್ ತಪ್ಪು ಮಾಡ್ದೆ ಅಕ್ಕಾ?"

"ಗೋಡೆ ಮೇಲೆ!" ಎಲ್ಸಿ ಹಣೆ ಚಚ್ಚಿಕೊಂಡಳು. "ಕೊರಳಿಗೆ ಹಾಕಿದ್ದನ್ನ ಗೋಡೆಗೆ ಹಾಕಿದ್ಯೇನೋ ದಡ್ಡ?"

ಓಫೆಯಾನ ಕೈಯಿಂದ ಕತ್ತಿ ಕಿತ್ತುಕೊಂಡು ಚೌಕಟ್ಟಿನ ಬೆನ್ನು ಸೀಳಿದಳು. ಮೈ ಸೋಕದೆ ಬಿದ್ದಿದ್ದ ಚಿಪ್ಪುಗಳು ಮಂಕಾಗಿದ್ದವು. ಸೆರಗಿಲ್ಲದ ಹೆಂಗಸು, ತೋಳಿಗೇ ಉಜ್ಜಿ ಒರೆಸಿದಳು. ಆಮೇಲೆ ಯಾರೂ ಎಣಿಸದ ಕೆಲಸ ಮಾಡಿದಳು. ಹತ್ತರಲ್ಲಿ ಒಂದು ಎಳೆಯನ್ನು ಕತ್ತರಿಸಿ ತೆಗೆದಳು. ಮುಗಿದ ಸರಕ್ಕೆ ಅವಳು ಕತ್ತಿ ತಾಗಿಸಿದ್ದನ್ನು ಯಾರೂ ಕಂಡಿರಲಿಲ್ಲ.

"ಓಫೆಯಾ, ಸಂಬಂಧ ಹರೀಬೇಕು ಅಂದ್ರೆ ಕೊಟ್ಟಿದ್ದೆಲ್ಲ ವಾಪಸ್ ತಗೋಬೇಕು ತಾನೆ?"

"ಹೂಂ. ಪೂರ್ತಿ ತಗೋಬೇಕು."

"ನಾನು ತಗೊಂಡಿದ್ದು ಒಂದೇ ಎಳೆ." ಉಳಿದ ಸರವನ್ನು ಲಿಯಾವ್‌ನ ಕೊರಳಿಗೆ ಹಾಕಿದಳು. "ಮಿಕ್ಕಿದ್ದು ಅವನ ಹತ್ರಾನೇ ಇದೆ. ಎಲ್ಲಿ ಹರೀತು, ತೋರ್ಸು ನೋಡೋಣ."

ಓಫೆಯಾ ಗಡ್ಡ ಕೆರೆದುಕೊಂಡ. ಹಿರಿಯರ ಕಡೆ ನೋಡಿದ. ಅವರಲ್ಲೊಬ್ಬ ಕಿಸಕ್ಕೆಂದು ನಕ್ಕ. "ನಿನ್ನ ಬಾಯಿಗೆ ಸುಣ್ಣ ಹಾಕ" ಎಂದು ಗೊಣಗಿ ಓಫೆಯಾ ಮತ್ತೆ ಕೂತ. ಕೊಳಲುಗಳು ಶುರುವಾದವು.

ಲಿಯಾವ್ ಅಳುತ್ತಿದ್ದ. "ಹಾಳು ಮಾಡ್ಬಿಟ್ಟೆ ಅಕ್ಕಾ, ಅಷ್ಟು ಚೆನ್ನಾಗಿದ್ದ ಸರಾನ."

"ಅಳಬೇಡ, ಜನ ನೋಡ್ತಾರೆ." ಎಲ್ಸಿ ಆ ಎಳೆಯನ್ನು ತನ್ನ ಕೊರಳಿಗೆ ಸುತ್ತಿಕೊಂಡಳು. "ನಿನ್ನ ಮಗನಿಗೆ ಹೆಣ್ಣು ಗೊತ್ತಾದಾಗ ಹೇಳಿಕಳ್ಸು. ಇದನ್ನ ಹಿಡ್ಕೊಂಡು ನಾನೇ ಬರ್ತೀನಿ. ಒಂದೆಳೆ ಕಮ್ಮಿ ಇರೋ ಸರಕ್ಕೆ ಹೆಣ್ಣು ಯಾರು ಕೊಡ್ತಾರೋ?"