ಮೂರು ಗುಂಪಿಗೆ ಹಂಚಿಹೋದ ಒಂದೇ ತೊಂದರೆ

ತಪ್ಪು ನನ್ನದೇ ಆದ್ದರಿಂದ ಇದನ್ನು ಹೇಳದೇ ಬಿಡುವವಳಿದ್ದೆ, ಗೆಳೆಯರೇ. ಔಷಧಿಗಳ ಅಡ್ಡಪರಿಣಾಮಗಳನ್ನು ಕಂಪ್ಯೂಟರಿನಲ್ಲಿ ಗುಂಪು ಮಾಡುವುದು ನನ್ನ ಕೆಲಸ. ಒಂದೇ ಬಿಪಿ ಮಾತ್ರೆ ನುಂಗುವ ಇಂಡಿ ಕಡೆಯ ಮೂವರು ದೂರಿದ್ದರು: "ತಲಿ ತಿರಗತೈತಿ", "ಕಣ್ಣಿಗೆ ಕತ್ತಲಿ ಬರತೈತಿ", "ಎದ್ದರ ಜೋಲಿ ಹೋಗತೈತಿ". ನಾನು ನರ, ಕಣ್ಣು, ನಡಿಗೆ ಎಂದು ಬೇರೆಬೇರೆ ಗುಂಪಿಗೆ ಹಾಕಿದ್ದೆ. ಒಂದೇ ಗುಂಪಿನಲ್ಲಿ ಮೂರು ದೂರು ಸೇರಿದರೆ ಮಾತ್ರ ಕಂಪ್ಯೂಟರ್ ಎಚ್ಚರಿಸುತ್ತದೆ; ಹಾಗಾಗಿ ಅದು ಎಚ್ಚರಿಸಲೇ ಇಲ್ಲ.

ಇಂದು ಅಲ್ಲಿನ ಆಸ್ಪತ್ರೆಯ ನರ್ಸ್ ಶಾಂತಕ್ಕ ನನ್ನ ಪಟ್ಟಿ ನೋಡಿದರು. "ಮೇಡಂ, ಮೂರೂ ಬಿಪಿ ಇಳಿದದ್ದ ಅಲ್ರಿ? ಕಣ್ಣಿಗೆ ಕತ್ತಲಿ ಅಂದ ಅಜ್ಜಿ ನಿನ್ನಿ ಬಚ್ಚಲದಾಗ ಬಿದ್ದು ತೊಡಿ ಮುರಕೊಂಡಾರ್ರಿ. ನಮ್ಮನ್ನ ಒಂದ್ ಮಾತ್ ಕೇಳಬಾರದೇನ್ರಿ?"

ಮೂರನ್ನೂ ಒಂದೇ ಗುಂಪಿಗೆ ತಂದೆ. ಕೂಡಲೇ ಎಚ್ಚರಿಕೆ ಬಂತು, ಅಜ್ಜಿಗೆ ಒಂದು ದಿನ ತಡವಾಗಿ. ಅವರು ಬಿದ್ದದ್ದನ್ನೂ ಅಲ್ಲೇ ಸೇರಿಸಿದೆ, ಈ ಸಲ ಶಾಂತಕ್ಕನನ್ನು ಕೇಳಿಕೊಂಡು.

ನಾಳೆ ಮನಸ್ಸು ಬದಲಾದೀತು. ಈ ಪೋಸ್ಟನ್ನು ಇಂದೇ ಹಾಕುತ್ತೇನೆ, ಜುಲೈ 8.